ನನ್ನ ಕಂಪ್ಯೂಟರಲ್ಲಿ ಏನಿದೆ ಮಹಾ?

ಮನೆಯ ಕಂಪ್ಯೂಟರಿನ ಭದ್ರತೆಯ ಮಾತು ತೆಗೆದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: "ಕದಿಯೋಕೆ ಅದರಲ್ಲಿ ಏನಿದೆ ಮಹಾ? ನಾಲ್ಕು ಮದುವೆ ಫೋಟೊ, ಮಗಳ ಪ್ರಾಜೆಕ್ಟ್ ರಿಪೋರ್ಟು, ಹಳೇ ಕರೆಂಟ್ ಬಿಲ್ಲು." ಬೆಂಗಳೂರಿನ ಪಶ್ಚಿಮದ ರಾಜರಾಜೇಶ್ವರಿನಗರದಲ್ಲಿ ಈ ಉತ್ತರ ಕೊಡುವವರು ಒಂದೇ ಬಗೆಯವರಲ್ಲ. ಬಿಇಎಂಎಲ್ ಬಡಾವಣೆಯಲ್ಲಿ ಪಿಂಚಣಿ ಲೆಕ್ಕ ನೋಡುವ ಹಿರಿಯರಿದ್ದಾರೆ. ಮೈಸೂರು ರಸ್ತೆಯ ಬದಿಯ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುತ್ತ, ಕೆಲವು ದಿನ ಊಟದ ಮೇಜನ್ನೇ ಆಫೀಸು ಮಾಡಿಕೊಳ್ಳುವ ಸಾಫ್ಟ್‌ವೇರ್ ನೌಕರರಿದ್ದಾರೆ. ಚನ್ನಸಂದ್ರದ ಆರ್‌ಎನ್‌ಎಸ್‌ಐಟಿಗೆ, ಆಚೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಹುಡುಗರು ಪಿ.ಜಿ.ಗಳಲ್ಲಿದ್ದಾರೆ. ಮನೆಗೆ ಗೇಟು, ಗೇಟಿಗೆ ಬೀಗ, ಬಾಗಿಲಿಗೆ ಗ್ರಿಲ್ಲು, ಮೂಲೆಗೊಂದು ಸಿಸಿ ಕ್ಯಾಮೆರಾ. ಆ ಕ್ಯಾಮೆರಾದ ಪಾಸ್‌ವರ್ಡ್ ಮಾತ್ರ ಕಂಪನಿಯವರು ಡಬ್ಬಿಯ ಮೇಲೆ ಅಚ್ಚು ಹಾಕಿ ಕಳಿಸಿದ್ದೇ!

"ಏನಿದೆ ಮಹಾ" ಎನ್ನುವಾಗ ನಾವು ನಮಗೆ ಬೆಲೆಬಾಳುವುದನ್ನು ಮಾತ್ರ ಲೆಕ್ಕ ಹಾಕುತ್ತಿರುತ್ತೇವೆ. ಹ್ಯಾಕರ್‌ನ ಲೆಕ್ಕವೇ ಬೇರೆ. ಅವನಿಗೆ ನಿಮ್ಮ ಪ್ರೊಸೆಸರಿನ ಸಮಯ ಬೇಕಿರಬಹುದು, ನಿಮ್ಮ ಮನೆಯ ಇಂಟರ್ನೆಟ್ ಸಂಪರ್ಕ ಬೇಕಿರಬಹುದು, ಲಾಗಿನ್ ಆಗಿಯೇ ಉಳಿದ ನಿಮ್ಮ ಬ್ರೌಸರ್ ಬೇಕಿರಬಹುದು, ನಿಮ್ಮ ಕಂಪನಿಯ ಸರ್ವರಿಗೆ ಹೋಗುವ ದಾರಿ ಬೇಕಿರಬಹುದು. ಆ ಮದುವೆ ಫೋಟೊಗಳು ಅವನಿಗೆ ಬೇಡ. ಅವುಗಳ ಮೇಲೆ ನಿಮಗಿರುವ ಮಮತೆಯಿಂದ ದುಡ್ಡು ಹುಟ್ಟೀತೇ ಎಂಬುದು ಅವನ ಆಸಕ್ತಿ. ಅವನಿಗೆ ಏನು ಬೇಕೆಂದು ತಿಳಿದರೆ ಯಾವುದನ್ನು ಮೊದಲು ಭದ್ರಪಡಿಸಬೇಕು ಎಂಬುದೂ ತಿಳಿಯುತ್ತದೆ.

ಹೆಸರು, ಹಟ, ಕುತೂಹಲ

ದುಡ್ಡಿನಾಸೆ ಈ ಕಥೆಯೊಳಗೆ ತಡವಾಗಿ ಬಂದ ಪಾತ್ರ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ, 'ಬ್ರೇನ್' ಎಂಬ ವೈರಸ್ ಬರೆದರು. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅದು. ತಮ್ಮ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯುವುದಕ್ಕೆ ಬರೆದೆವು ಎಂದು ಅವರು ಹೇಳಿದರು. ಆ ವೈರಸ್‌ನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದಿದ್ದರು.

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಒಂದು 'ಹುಳು'ವನ್ನು ಇಂಟರ್ನೆಟ್ಟಿಗೆ ಬಿಟ್ಟ. ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಡುವ ಪ್ರೋಗ್ರಾಮು ಅದು. ಆಗ ಇಂಟರ್ನೆಟ್ಟಿನಲ್ಲಿದ್ದದ್ದು ಸುಮಾರು 60 ಸಾವಿರ ಕಂಪ್ಯೂಟರು. ಅವುಗಳಲ್ಲಿ ಸುಮಾರು 6 ಸಾವಿರ ಕುಸಿದವು ಎಂಬುದು ಅಂದಿನ ಅಂದಾಜು. ಅವನಿಗೆ ಕೋರ್ಟು ಪರಿವೀಕ್ಷಣೆಯ ಶಿಕ್ಷೆಯನ್ನೂ ದಂಡವನ್ನೂ ವಿಧಿಸಿತು. ಮುಂದೆ ಅವನೇ ಎಂಐಟಿಯಲ್ಲಿ ಪ್ರಾಧ್ಯಾಪಕನಾದ.

2000ದ ಮೇ 4ರಂದು 'ಐ ಲವ್ ಯು' ಎಂಬ ಇಮೇಲ್ ಲೋಕ ಸುತ್ತಿತು. ಬರೆದವನು ಮನಿಲಾದ ವಿದ್ಯಾರ್ಥಿ ಓನೆಲ್ ಡಿ ಗುಜ್ಮನ್. ಅವನಿಗೆ ಬೇಕಿದ್ದದ್ದು ಬೇರೆಯವರ ಡಯಲ್-ಅಪ್ ಪಾಸ್‌ವರ್ಡು. ಇಂಟರ್ನೆಟ್ಟಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ. ಪ್ರೇಮಪತ್ರದಂತೆ ಕಾಣುತ್ತಿದ್ದ ಆ ಕಡತದ ಹೆಸರಿನಲ್ಲಿ ಮೊದಲು 'ಟಿಎಕ್ಸ್‌ಟಿ' ಎಂದಿತ್ತು, ಅದರ ಹಿಂದೆ 'ವಿಬಿಎಸ್' ಎಂಬ ಪ್ರೋಗ್ರಾಮಿನ ಬಾಲ ಅಡಗಿತ್ತು. ಕಡತದ ಕೊನೆಯ ಬಾಲವನ್ನು ವಿಂಡೋಸ್ ತಾನಾಗಿ ಮರೆಮಾಡುತ್ತಿದ್ದುದರಿಂದ ಜನ ಅದನ್ನು ಬರೀ ಪತ್ರವೆಂದು ನಂಬಿ ತೆರೆದರು. ಫಿಲಿಪ್ಪೀನ್ಸ್‌ನಲ್ಲಿ ಆಗ ಇದಕ್ಕೆ ತಕ್ಕ ಕಾನೂನೇ ಇರಲಿಲ್ಲ, ಅವನು ಪಾರಾದ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ. ಮರುವರ್ಷ, 2001ರಲ್ಲಿ, ಬೆಂಗಳೂರಿನಲ್ಲಿ ಸೈಬರ್ ಅಪರಾಧಕ್ಕೆಂದೇ ಒಂದು ಪೊಲೀಸ್ ಠಾಣೆ ತೆರೆಯಿತು.

ಹ್ಯಾಕರ್‌ಗಳ ನಡುವೆ ಸಂಶೋಧನೆ ಮಾಡಿದ ಸಾಮಾಜಿಕ ಮನೋವಿಜ್ಞಾನಿ ಮ್ಯಾಕ್ಸ್ ಕಿಲ್ಗರ್ ಆ ಹ್ಯಾಕರ್‌ಗಳ ಪ್ರೇರಣೆಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಹಣ, ಅಹಂ, ಮೋಜು, ಸಿದ್ಧಾಂತ, ಗುಂಪಿನೊಳಗೆ ಸೇರುವ ಆಸೆ, ಗುಂಪಿನಲ್ಲಿ ಮೇಲೇರುವ ಆಸೆ. ಇದಕ್ಕೆ ಹಗೆಯನ್ನೂ ಸೇರಿಸಬಹುದು. ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ ಕೆಲಸ ಸಿಗದ ಸಿಟ್ಟಿಗೆ ಒಬ್ಬ, 2000ದಲ್ಲಿ, ರೇಡಿಯೊ ಸಲಕರಣೆ ಮತ್ತು ಲ್ಯಾಪ್‌ಟಾಪ್ ಹಿಡಿದು ಊರಿನ ಒಳಚರಂಡಿಯ ಪಂಪುಗಳನ್ನು ಕೆಡಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಹಳ್ಳಕೊಳ್ಳ, ಉದ್ಯಾನಗಳಿಗೆ ಹರಿಯಿತು. ನಮ್ಮ ವೃಷಭಾವತಿ ನದಿಗೆ ಆ ಸೇವೆ ಸಲ್ಲಿಸಲು ಹ್ಯಾಕರನ ಅಗತ್ಯ ಬಿದ್ದಿಲ್ಲ ಎನ್ನುವುದು ಬೇರೆ ಮಾತು.

ದುಡ್ಡು ಹುಟ್ಟುವ ಬಗೆ

ಇವತ್ತಿನ ದಾಳಿಗಳಲ್ಲಿ ಬಹುಪಾಲು ದುಡ್ಡಿಗಾಗಿಯೇ ನಡೆಯುತ್ತವೆ. ಕಡತಗಳನ್ನು ಒತ್ತೆಯಿಟ್ಟುಕೊಂಡು ದುಡ್ಡು ಕೇಳುವ ಮೊದಲ ಪ್ರಯೋಗ 1989ರದ್ದು. ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಏಡ್ಸ್ ಮಾಹಿತಿಯ ಹೆಸರಿನಲ್ಲಿ ಸುಮಾರು 20 ಸಾವಿರ ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ. ಫ್ಲಾಪಿ ಹಾಕಿದ ಕಂಪ್ಯೂಟರನ್ನು 90 ಸಲ ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳೆಲ್ಲ ಕಲಸಿಹೋಗುತ್ತಿದ್ದವು. ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿದರೆ ಸರಿಪಡಿಸುತ್ತೇನೆ ಎಂಬ ಚೀಟಿ ತೆರೆಯ ಮೇಲೆ ಮೂಡುತ್ತಿತ್ತು. ರ‍್ಯಾನ್ಸಮ್‌ವೇರ್‌ನ ಮೂಲಪುರುಷ ಅವನೇ. ಅಂಚೆಯಲ್ಲಿ ದುಡ್ಡು ತರಿಸಿಕೊಳ್ಳುವುದು ಕಷ್ಟದ ಕೆಲಸವಾದ್ದರಿಂದ ಆ ದಂಧೆ ಬಹುಕಾಲ ಬೆಳೆಯಲಿಲ್ಲ. 2009ರಲ್ಲಿ ಬಿಟ್‌ಕಾಯಿನ್ ಬಂದು ಆ ತೊಡಕನ್ನು ನಿವಾರಿಸಿತು.

ನಮ್ಮ ಊರಿನ ಪ್ರಕರಣಗಳನ್ನೇ ನೋಡೋಣ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ ಸುಮಾರು 11.5 ಕೋಟಿ ರೂಪಾಯಿ ಕಳುವಾಯಿತು. ಅದು ಟೆಂಡರ್ ಹಾಕಿದ ಗುತ್ತಿಗೆದಾರರಿಗೆ ಮರಳಬೇಕಾಗಿದ್ದ ಇಎಂಡಿ ಎಂಬ ಮುಂಗಡ ಠೇವಣಿ. ಹೋಗಿ ಸೇರಿದ್ದು ಬೇರೆ ಖಾತೆಗಳಿಗೆ. 2020ರ ನವೆಂಬರಿನಲ್ಲಿ ಸಿಸಿಬಿ ಪೊಲೀಸರು ಜಯನಗರದ ಯುವಕನೊಬ್ಬನನ್ನು ಮಾದಕ ವಸ್ತುವಿನ ಪ್ರಕರಣದಲ್ಲಿ ಹಿಡಿದಾಗ ಪೋರ್ಟಲ್‌ನ ಕಳವಿಗೂ ಪೋಕರ್ ತಾಣಗಳ ಹ್ಯಾಕಿಂಗ್‌ಗೂ ಅವನ ಹೆಸರು ತಳುಕು ಹಾಕಿಕೊಂಡಿತು. ರಾಜ್ಯದ ರಾಜಕೀಯವನ್ನೇ ಅಲ್ಲಾಡಿಸಿದ 'ಬಿಟ್‌ಕಾಯಿನ್ ಹಗರಣ' ಶುರುವಾದದ್ದು ಹೀಗೆ.

ಅದೇ 2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಪ್ರೊ ಕಂಪನಿಯ ಕೆಲವು ನೌಕರರ ಖಾತೆಗಳು ಫಿಶಿಂಗ್ ಇಮೇಲಿಗೆ ಬಲಿಯಾದ ಸುದ್ದಿ ಹೊರಬಿತ್ತು. ಗೂಢಚಾರಿಕೆಯೋ ಏನೋ ಎಂದು ಎಲ್ಲರೂ ಗಾಬರಿಯಾದರು. ಜಾಡು ಹಿಡಿದ ತಜ್ಞರಿಗೆ ಕಂಡದ್ದು ಗಿಫ್ಟ್ ಕಾರ್ಡು ವಂಚನೆಯ ಸುಳಿವು! ವಿಪ್ರೊ ಮೂಲಕ ಅದರ ಗ್ರಾಹಕ ಕಂಪನಿಗಳೊಳಗೆ ನುಗ್ಗಿ ಸುಲಭವಾಗಿ ನಗದಾಗುವ ಕಾರ್ಡುಗಳನ್ನು ಎಗರಿಸುವ ಸಂಚು ಅದು. ದೊಡ್ಡ ದಾಳಿಯ ಹಿಂದೆ ದೊಡ್ಡ ಉದ್ದೇಶವೇ ಇರಬೇಕೆಂದಿಲ್ಲ.

ಮನೆಯ ಕಂಪ್ಯೂಟರನ್ನು ಈಗ ಹೆಚ್ಚಾಗಿ ಕಾಡುತ್ತಿರುವುದು ಮಾಹಿತಿಗಳ್ಳ ಕುತಂತ್ರಾಂಶ. ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕುಕ್ಕಿಗಳನ್ನೂ ಗಂಟುಕಟ್ಟಿ ಸಾಗಿಸುತ್ತದೆ. "ಈತ ಈಗಾಗಲೇ ಲಾಗಿನ್ ಆಗಿದ್ದಾನೆ" ಎಂದು ಜಾಲತಾಣಕ್ಕೆ ಹೇಳುವ ಪುಟ್ಟ ಕಡತವೇ ಕುಕ್ಕಿ. ಅದು ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. 'ಲುಮ್ಮಾ' ಎಂಬ ಇಂಥ ಒಂದೇ ಕುತಂತ್ರಾಂಶ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ತಗುಲಿದ್ದನ್ನು ಮೈಕ್ರೊಸಾಫ್ಟ್ ಪತ್ತೆಹಚ್ಚಿತು. ಇದನ್ನು ಬರೆದವರು ಬೇರೆ, ಬಾಡಿಗೆಗೆ ಪಡೆದು ಹರಡುವವರು ಬೇರೆ, ಕದ್ದ ಗಂಟನ್ನು ಕೊಳ್ಳುವವರು ಇನ್ನೂ ಬೇರೆ.

ಯಂತ್ರ ಬೇಕು, ಒಡೆಯ ಬೇಡ

ಮತ್ತೊಂದು ಬಗೆಯ ದಾಳಿಯಲ್ಲಿ ನಿಮ್ಮ ಮಾಹಿತಿಗೆ ಬೆಲೆಯೇ ಇಲ್ಲ. 2016ರಲ್ಲಿ ಅಮೆರಿಕದ ಮೂವರು ಹುಡುಗರು 'ಮಿರಾಯ್' ಎಂಬ ಕುತಂತ್ರಾಂಶ ಬರೆದರು. ಅದು ಹುಡುಕಿದ್ದು ಸಿಸಿ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು. ಅದರ ಬಳಿ ಇದ್ದದ್ದು ತಯಾರಕರೇ ಇಟ್ಟ ಹೆಸರು-ಪಾಸ್‌ವರ್ಡುಗಳ 60ಕ್ಕೂ ಹೆಚ್ಚು ಜೋಡಿಗಳ ಒಂದು ಪಟ್ಟಿ, ಅಷ್ಟೇ. ಆ ಪಟ್ಟಿಯಿಂದಲೇ ಲಕ್ಷಾಂತರ ಸಲಕರಣೆಗಳು ವಶವಾದವು. ಮೈನ್‌ಕ್ರಾಫ್ಟ್ ಆಟದ ಸರ್ವರ್ ನಡೆಸುವ ಪ್ರತಿಸ್ಪರ್ಧಿಗಳನ್ನು ಮಕಾಡೆ ಮಲಗಿಸುವುದೂ ಆ ಹುಡುಗರ ಗುರಿಗಳಲ್ಲೊಂದಾಗಿತ್ತು. ಅದರ ಮೂಲ ಸಂಕೇತ ಬಹಿರಂಗವಾದ ಮೇಲೆ, ಅಕ್ಟೋಬರ್ 21ರಂದು, ಮಿರಾಯ್ ಪಡೆಯ ಹೊಡೆತಕ್ಕೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಮುಗ್ಗರಿಸಿದವು. ದಾಳಿಗೆ ದುಡಿದ ಕ್ಯಾಮೆರಾಗಳ ಒಡೆಯರಿಗೆ ಏನೂ ಗೊತ್ತಾಗಲಿಲ್ಲ. ಕ್ಯಾಮೆರಾ ಎಂದಿನಂತೆ ಗೇಟು ಕಾಯುತ್ತಲೇ ಇತ್ತು.

"ಇಷ್ಟು ದೊಡ್ಡ ಲೋಕದಲ್ಲಿ ನಮ್ಮ ಮನೆ ಅವರಿಗೆ ಹೇಗೆ ಸಿಗುತ್ತೆ?" ಎಂಬ ಪ್ರಶ್ನೆಗೆ 2013ರಲ್ಲೇ ಉತ್ತರ ಸಿಕ್ಕಿದೆ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವಿಷ್ಟನ್ನೂ ಒಂದೇ ಕಂಪ್ಯೂಟರಿನಿಂದ, ವೇಗದ ಸಂಪರ್ಕವಿದ್ದರೆ, 45 ನಿಮಿಷದೊಳಗೆ ತಟ್ಟಿನೋಡಬಹುದೆಂದು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 'ಜೀಮ್ಯಾಪ್' ಎಂಬ ತಂತ್ರಾಂಶದಿಂದ ತೋರಿಸಿದರು. ಬೀದಿಯ ಗೇಟುಗಳನ್ನೆಲ್ಲ ಒಂದೊಂದಾಗಿ ತಳ್ಳಿನೋಡುತ್ತ ಹೋಗುವ ಕಳ್ಳನಿಗೆ ಮನೆ ಯಾರದೆಂಬುದು ಬೇಕಿಲ್ಲ, ಚಿಲಕ ಹಾಕದ ಗೇಟು ಸಿಕ್ಕರೆ ಸಾಕು. ಆ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ, ಹಗಲೂ ರಾತ್ರಿ.

ದಾರಿಯಾಗಿ ಸಿಗುವವರು

ಟೆಕ್ ಪಾರ್ಕಿನ ನೌಕರರು ಗಮನಿಸಬೇಕಾದ ಪ್ರಕರಣ 2025ರದ್ದು. ಜುಲೈ 19ರ ನಸುಕಿನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಯ ಒಂದು ಆಂತರಿಕ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್, ಎಂದರೆ 370 ಕೋಟಿ ರೂಪಾಯಿಗೂ ಮೀರಿದ ಮೊತ್ತ, ಮಾಯವಾಯಿತು. ಮುಂದೆ ಬೆಂಗಳೂರು ಪೊಲೀಸರು ಕಂಪನಿಯ ನೌಕರರೊಬ್ಬರನ್ನು ಬಂಧಿಸಿದರು. ಆಫೀಸಿನ ಲ್ಯಾಪ್‌ಟಾಪಿನಲ್ಲೇ ಹೊರಗಿನವರ ಪಾರ್ಟ್‌ಟೈಮ್ ಕೆಲಸ ಮಾಡಿಕೊಡುತ್ತಿದ್ದರು, ಆ ಕೆಲಸದ ಕಡತಗಳ ಜೊತೆ ಕುತಂತ್ರಾಂಶ ಒಳಬಂದಿರಬೇಕು ಎಂಬುದು ತನಿಖೆಯಲ್ಲಿ ಮೂಡಿದ ಶಂಕೆ. ಆ ನೌಕರರು ತಪ್ಪಿತಸ್ಥರೋ ಬಲಿಪಶುವೋ ಎಂಬುದನ್ನು ನ್ಯಾಯಾಲಯ ಹೇಳಲಿ. ಲ್ಯಾಪ್‌ಟಾಪಿನ ಒಡೆಯನ ಬಳಿ ಕೋಟಿ ಇಲ್ಲದಿದ್ದರೂ ಕೋಟಿಗಳಿರುವ ಕಡೆಗೆ ಅದರಿಂದ ದಾರಿ ಇದ್ದರೆ ಅದು ಗುರಿಯಾಗುತ್ತದೆ ಎಂಬುದಂತೂ ಇದರಿಂದ ಸ್ಪಷ್ಟ. ಹಿಂದಿನ ವರ್ಷ, 2024ರ ಜುಲೈನಲ್ಲಿ, ವಜೀರ್‌ಎಕ್ಸ್ ಕಂಪನಿಯಿಂದ ಸುಮಾರು 23 ಕೋಟಿ ಡಾಲರ್ ಕದ್ದವರು ಉತ್ತರ ಕೊರಿಯಾದವರೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿದವು. ಒಂದು ದೇಶವೇ ಹ್ಯಾಕಿಂಗನ್ನು ಆದಾಯದ ಮೂಲ ಮಾಡಿಕೊಂಡಿದೆ.

ಯಾವುದಕ್ಕೆ ಯಾವ ಬೇಲಿ

ದುಡ್ಡಿಗಾಗಿ ಬರುವವನು ಲಾಭನಷ್ಟ ನೋಡುತ್ತಾನೆ. ನಿಮ್ಮ ಯಂತ್ರದೊಳಗೆ ಬರುವ ಖರ್ಚು, ಸಿಗುವ ಲಾಭಕ್ಕಿಂತ ಹೆಚ್ಚಾದರೆ ಮುಂದಿನ ವಿಳಾಸಕ್ಕೆ ಹೋಗುತ್ತಾನೆ. ಭೇದಿಸಲಾಗದ ಕೋಟೆ ಕಟ್ಟಬೇಕಾದ್ದಿಲ್ಲ, ಅವನ ಖರ್ಚು ಹೆಚ್ಚಿಸಿದರೆ ಸಾಕು.

ಮೊದಲನೆಯದು ಅಪ್‌ಡೇಟ್. 2017ರ ಮೇ 12ರಂದು 'ವಾನ್ನಾಕ್ರೈ' ರ‍್ಯಾನ್ಸಮ್‌ವೇರ್ 150ಕ್ಕೂ ಹೆಚ್ಚು ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ 300 ಡಾಲರ್ ಕೇಳಿತು. ಅದು ನುಸುಳಿದ ತೂತಿಗೆ ಮೈಕ್ರೊಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಬಿಡುಗಡೆ ಮಾಡಿತ್ತು. ನಡುವೆ ಇದ್ದ 59 ದಿನಗಳಲ್ಲಿ "ಆಮೇಲೆ ನೆನಪಿಸು" ಒತ್ತಿದವರೇ ಬಹುಪಾಲು ಸಿಕ್ಕಿಬಿದ್ದರು. ಈಗ ಇನ್ನೊಂದು ವಿಷಯ: ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರೆ ವಿಂಡೋಸ್ 11ಕ್ಕೆ ಏರಿ. ಹಳೆಯ ಯಂತ್ರ ಅದನ್ನು ಹೊರಲಾರದಾದರೆ ಉಬುಂಟುವಿನಂಥ ಉಚಿತ ಲಿನಕ್ಸ್ ಹಾಕಿಸಿಕೊಳ್ಳಬಹುದು.

ಎರಡನೆಯದು ಕದ್ದ ತಂತ್ರಾಂಶದ ಚಾಳಿ ಬಿಡುವುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಜೋಡಿಸಿಕೊಂಡ ಕಂಪ್ಯೂಟರಿಗೆ 'ಕ್ರ್ಯಾಕ್' ಮಾಡಿದ ವಿಂಡೋಸ್, ಆಫೀಸ್ ಹಾಕಿಕೊಡುವುದು ಹಳೆಯ ಪದ್ಧತಿ. ವಿದ್ಯಾರ್ಥಿಗಳು ಸಾವಿರಾರು ರೂಪಾಯಿಯ ವಿನ್ಯಾಸ ತಂತ್ರಾಂಶವನ್ನು ಟೊರೆಂಟ್‌ನಿಂದ ಇಳಿಸಿಕೊಳ್ಳುತ್ತಾರೆ. ಅದನ್ನು ಹಾಕುವಾಗ ಮೊದಲ ಸೂಚನೆಯೇ "ಆಂಟಿವೈರಸ್ ಆಫ್ ಮಾಡಿ" ಎಂದಿರುತ್ತದೆ. ಮಾಹಿತಿಗಳ್ಳ ಕುತಂತ್ರಾಂಶಕ್ಕೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೆ? ಲಿಬ್ರೆಆಫೀಸ್, ಜಿಂಪ್, ಬ್ಲೆಂಡರ್‌ನಂಥ ಉಚಿತ ತಂತ್ರಾಂಶಗಳಿವೆ. ಹಲವು ಕಂಪನಿಗಳು ವಿದ್ಯಾರ್ಥಿಗಳಿಗೆ ಪುಕ್ಕಟೆ ಪರವಾನಗಿಯನ್ನೂ ಕೊಡುತ್ತವೆ. ಇತ್ತೀಚಿನ ಇನ್ನೊಂದು ಬಲೆ: "ನೀವು ರೋಬಾಟ್ ಅಲ್ಲ ಎಂದು ಖಚಿತಪಡಿಸಿ" ಎನ್ನುವ ನಕಲಿ ಪುಟ ವಿಂಡೋಸ್ ಕೀಲಿಯನ್ನೂ 'ಆರ್' ಕೀಲಿಯನ್ನೂ ಒತ್ತಿ ಏನನ್ನೋ ಪೇಸ್ಟ್ ಮಾಡಿ ಎಂಟರ್ ಹೊಡೆಯಲು ಹೇಳುತ್ತದೆ. ಹಾಗೆ ಮಾಡಿದರೆ ಕುತಂತ್ರಾಂಶವನ್ನು ನೀವೇ ಕೈಯಾರೆ ಕರೆದುಕೊಂಡಂತೆ. ಯಾವ ಸಾಚಾ ಜಾಲತಾಣವೂ ಹಾಗೆ ಕೇಳುವುದಿಲ್ಲ.

ಮೂರನೆಯದು ಪಾಸ್‌ವರ್ಡ್. ಜಾಲತಾಣಗಳು ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಗಣಿತದಿಂದ ಅರೆದು 'ಹ್ಯಾಶ್' ಮಾಡಿ ಇಡಬೇಕು. ಆ ಹ್ಯಾಶ್ ಕಳುವಾದರೆ ಕಳ್ಳ ಒಂದೊಂದೇ ಊಹೆಯನ್ನು ಅರೆದು ಹೋಲಿಸುತ್ತ ಹೋಗುತ್ತಾನೆ. ಸುಲಭದ ಹ್ಯಾಶ್ ಆಗಿದ್ದರೆ ಆಟವಾಡುವ ಹುಡುಗರ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಸಾವಿರ ಕೋಟಿ ಊಹೆಗಳನ್ನು ಲೀಲಾಜಾಲವಾಗಿ ಮಾಡುತ್ತದೆ. ಆ ವೇಗಕ್ಕೆ 8 ಇಂಗ್ಲಿಷ್ ಸಣ್ಣಕ್ಷರಗಳ ಪಾಸ್‌ವರ್ಡಿನ ಎಲ್ಲ ಸಾಧ್ಯತೆಗಳೂ 21 ಸೆಕೆಂಡಿನಲ್ಲಿ ಮುಗಿಯುತ್ತವೆ. 12 ಅಕ್ಷರಕ್ಕೆ 110 ದಿನ. 16 ಅಕ್ಷರಕ್ಕೆ ಸುಮಾರು 1,38,000 ವರ್ಷ! ಚಿಹ್ನೆಗಳ ಸರ್ಕಸ್ಸಿಗಿಂತ ಉದ್ದವೇ ಮುಖ್ಯ. ಆದರೆ ಈ ಲೆಕ್ಕ ಗೊತ್ತುಗುರಿಯಿಲ್ಲದ ಅಕ್ಷರಗಳಿಗೆ ಮಾತ್ರ. ಮನೆದೇವರ ಹೆಸರು, ಹುಟ್ಟಿದ ವರ್ಷಗಳನ್ನು ಕಳ್ಳ ಮೊದಲೇ ಊಹಿಸಿರುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಬರೆದರೆ ನೆನಪಿಡುವುದೂ ಸುಲಭ. ಒಂದು ಕಡೆಯ ಪಾಸ್‌ವರ್ಡ್ ಇನ್ನೊಂದು ಕಡೆ ಬೇಡ. ಒಂದು ತಾಣದಿಂದ ಕದ್ದದ್ದನ್ನು ನೂರು ತಾಣಗಳಲ್ಲಿ ಹಾಕಿನೋಡುವುದು ಯಂತ್ರಕ್ಕೆ ಕ್ಷಣದ ಕೆಲಸ. ಇಮೇಲಿಗಂತೂ ಎರಡು ಹಂತದ ಲಾಗಿನ್ ಇರಲೇಬೇಕು. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅದಕ್ಕೇ.

ನಾಲ್ಕನೆಯದು ಬ್ಯಾಕಪ್. ರ‍್ಯಾನ್ಸಮ್‌ವೇರ್‌ನ ಬಲವೆಲ್ಲ ನಿಮ್ಮಲ್ಲಿ ಇನ್ನೊಂದು ಪ್ರತಿ ಇಲ್ಲದಿರುವುದರಲ್ಲೇ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ ಎಂಬುದು ತಜ್ಞರ ಸೂತ್ರ. ಹೊರಗಿನ ಹಾರ್ಡ್ ಡಿಸ್ಕನ್ನು ನಕಲು ಮುಗಿದೊಡನೆ ಕಿತ್ತಿಡಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ.

ಉಳಿದವು ಸಣ್ಣ ಕೆಲಸಗಳು. ರೌಟರ್, ಕ್ಯಾಮೆರಾಗಳ ಪಾಸ್‌ವರ್ಡ್ ಬದಲಿಸಿ. ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ ಇನ್ನೊಂದು ಖಾತೆ ಮಾಡಿಕೊಳ್ಳಿ. ಕಡತದ ಬಾಲ ಪೂರ್ತಿ ಕಾಣುವಂತೆ ವಿಂಡೋಸ್‌ನಲ್ಲಿ ಹೊಂದಿಸಿ; 2000ದ ಪ್ರೇಮಪತ್ರದ ತಂತ್ರ ಇವತ್ತಿಗೂ 'ಇನ್‌ವಾಯ್ಸ್' ವೇಷದಲ್ಲಿ ಬರುತ್ತಿದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿದ ಪೆನ್‌ಡ್ರೈವನ್ನು ಮನೆಯಲ್ಲಿ ಸ್ಕ್ಯಾನ್ ಮಾಡದೆ ತೆರೆಯಬೇಡಿ. ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು, ಅದನ್ನು ಆಫ್ ಮಾಡದಿದ್ದರೆ. ಆಫೀಸಿನ ಲ್ಯಾಪ್‌ಟಾಪು ಆಫೀಸಿಗಷ್ಟೇ ಇರಲಿ, ಮಕ್ಕಳ ಆಟಕ್ಕೂ ಬೇಡ, ಸೈಡ್ ಬಿಸಿನೆಸ್ಸಿಗೂ ಬೇಡ.

ಏಟು ಬಿದ್ದ ಮೇಲೆ

ಗುಮಾನಿ ಬಂದ ತಕ್ಷಣ ವೈಫೈ ಕಡಿದುಹಾಕಿ. ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಿಂದ ಬದಲಿಸದೆ, ಬೇರೊಂದು ಶುದ್ಧ ಯಂತ್ರದಿಂದ ಬದಲಿಸಿ; ಜೊತೆಗೆ "ಎಲ್ಲ ಸಾಧನಗಳಿಂದ ಲಾಗ್‌ಔಟ್" ಒತ್ತಿ, ಕದ್ದ ಕುಕ್ಕಿಗಳು ಕೆಲಸಕ್ಕೆ ಬಾರದಂತಾಗುತ್ತವೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಕುತಂತ್ರಾಂಶ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ. ನಡುವೆ ಎಲ್ಲಾದರೂ ತಡೆಹಿಡಿಯಲು ಮೊದಲ ಒಂದೆರಡು ಗಂಟೆಗಳೇ ಮುಖ್ಯ. ಆಮೇಲೆ ಸೈಬರ್ ಅಪರಾಧದ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನ ಪ್ರಕಾರ ಇಂಥ ಅಪರಾಧಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ನಾಚಿಕೆಪಟ್ಟು ಸುಮ್ಮನಾಗುವವರೇ ಹೆಚ್ಚು, ಕಳ್ಳರಿಗೆ ಬೇಕಾದದ್ದೂ ಅದೇ.

ಮೇಲಿನ ಕೆಲಸಗಳಲ್ಲಿ ಬಹುಪಾಲಿಗೆ ದುಡ್ಡು ಬೇಡ, ಒಂದು ಭಾನುವಾರದ ಬೆಳಗ್ಗೆ ಸಾಕು. ಅಪ್‌ಡೇಟ್ ಮಾಡಿ, ಇಮೇಲಿಗೆ ಎರಡು ಹಂತದ ಲಾಗಿನ್ ಹಾಕಿ, ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ, ಫೋಟೊಗಳ ಒಂದು ಪ್ರತಿ ತೆಗೆದಿಡಿ. ಮನೆಯ ಹಿರಿಯರ ಕಂಪ್ಯೂಟರಿಗೂ ಇಷ್ಟನ್ನು ಮಾಡಿಕೊಟ್ಟು, 1930 ಎಂಬ ನಂಬರನ್ನು ಅವರ ಫೋನಿನಲ್ಲಿ ಇವತ್ತೇ ಬರೆದಿಡಿ.